ಕಲ್ಯಾಣ ಕರ್ನಾಟಕದ ಏಳಿಗೆಯಲ್ಲಿ ಸ್ಥಳೀಯ ಮುಂದಾಳುಗಳ ಪಾತ್ರ

ಆರೋಗ್ಯವೇ ಭಾಗ್ಯವೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಆರೋಗ್ಯವು ಕೇವಲ ಔಷಧದಿಂದ ಲಭಿಸುವಂಥದಲ್ಲ. ದುಡಿಮೆಗೆ ತಕ್ಕ ಕೂಲಿ, ಶುದ್ಧವಾದ ನೀರು, ಕೈಗೆಟಕುವ ವಿದ್ಯೆ, ಊರಿಗೆ ಸಮೀಪದ ಆಸ್ಪತ್ರೆ ಇವಿಲ್ಲದ ನಾಡಿನಲ್ಲಿ ವೈದ್ಯನ ಶ್ರಮ ಅರ್ಧಕ್ಕೇ ನಿಲ್ಲುತ್ತದೆ. ಬೀದರ, ಕಲಬುರಗಿ, ರಾಯಚೂರು ಕಡೆಯ ರೋಗಿಗಳು ಹೈದರಾಬಾದಿನ ಆಸ್ಪತ್ರೆಗಳಲ್ಲಿ ಕಾದು ಕುಳಿತಿರುವುದನ್ನು ಕಾಣುವ ನಮಗೆ ಈ ಮಾತು ಹೊಸದಲ್ಲ.

ಈ ಮೂರು ಜಿಲ್ಲೆಗಳು ನಿಜಾಮರ ಸಂಸ್ಥಾನದಲ್ಲಿದ್ದಾಗ ಉನ್ನತ ವಿದ್ಯೆಗೆ ಹೈದರಾಬಾದೇ ದಿಕ್ಕು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿತ್ತು. ಕನ್ನಡದ ಹಳ್ಳಿಯ ಬಾಲಕನಿಗೆ ಅದು ದೂರದ ಬೆಟ್ಟವಾಗಿತ್ತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನವು ವಿಮೋಚನೆ ಹೊಂದಿತು. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ವಿಶಾಲ ಮೈಸೂರಿನಲ್ಲಿ ಸೇರಿದವು. ಆದರೆ ನಕ್ಷೆ ಬದಲಾದ ಮಾತ್ರಕ್ಕೆ ಬಡತನ ನೀಗಲಿಲ್ಲ.

ಆಗ ಮುಂದೆ ಬಂದವರಲ್ಲಿ ಮಹಾದೇವಪ್ಪ ರಾಂಪುರೆಯವರು ಪ್ರಮುಖರು. ಕಲಬುರಗಿಯ ಲೋಕಸಭಾ ಸದಸ್ಯರಾಗಿದ್ದ ಅವರು 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು ಕಲಬುರಗಿಯಲ್ಲಿ ಆರಂಭವಾದವು. ಆ ನೆಲದ ಮಕ್ಕಳು ಅಲ್ಲಿಯೇ ವೈದ್ಯರಾಗುವ ದಾರಿ ತೆರೆಯಿತು. ವಿದ್ಯಾಸಂಸ್ಥೆಯೂ ಒಂದು ಬಗೆಯ ನೀರಾವರಿಯೇ. ಅದರ ಫಲ ಒಂದು ತಲೆಮಾರಿನ ಬಳಿಕ ಕಾಣುತ್ತದೆ.

ಎರಡನೆಯ ಘಟ್ಟದಲ್ಲಿ ಪ್ರಯತ್ನವು ಶಾಸನದ ಕಡೆಗೆ ಹೊರಳಿತು. ಧರ್ಮಸಿಂಗ್ ಅವರ ಅಧ್ಯಕ್ಷತೆಯ ಸಮಿತಿಯು ಪ್ರತ್ಯೇಕ ಮಂಡಳಿಯನ್ನು ಸೂಚಿಸಿತು. 1991ರ ಕಾಯಿದೆಯಿಂದ ಅದು ರೂಪುಗೊಂಡಿತು. ಆದರೂ 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ವರದಿ ನೀಡಿದಾಗ, ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲಿಯೇ ಇದ್ದವು. ಹಣವೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನೆರೆಯ ಆಂಧ್ರಕ್ಕೆ 1970ರ ದಶಕದಲ್ಲಿಯೇ ಸಂವಿಧಾನದ 371(ಡಿ) ವಿಧಿಯ ರಕ್ಷಣೆ ದೊರೆತಿತ್ತು. ಅಂಥ ಸೌಲಭ್ಯ ತಮಗೂ ಬೇಕೆಂದು ವೈಜನಾಥ ಪಾಟೀಲರು ಊರೂರಲ್ಲಿ ಹೋರಾಡಿದರು; ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಮೊದಲಾದವರು ದೆಹಲಿಯಲ್ಲಿ ಶ್ರಮಿಸಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು 98ನೆಯ ತಿದ್ದುಪಡಿಯನ್ನು ಅಂಗೀಕರಿಸಿ 371(ಜೆ) ವಿಧಿಯನ್ನು ಸೇರಿಸಿತು. ಇದರನ್ವಯ ಪ್ರತ್ಯೇಕ ಮಂಡಳಿಯ ಕಾರ್ಯವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕು. ಹಣ ನ್ಯಾಯವಾಗಿ ಹಂಚಿಕೆಯಾಗಬೇಕು. ಜನ್ಮದಿಂದ ಇಲ್ಲವೆ ವಾಸದಿಂದ ಆ ಪ್ರದೇಶಕ್ಕೆ ಸೇರಿದವರಿಗೆ ವಿದ್ಯೆಯಲ್ಲೂ ಉದ್ಯೋಗದಲ್ಲೂ ಪಾಲು ಮೀಸಲಾಗಬೇಕು. ಅಲ್ಲಿನ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8 ಸ್ಥಾನಗಳು ಹೀಗೆ ಮೀಸಲಾಗಿವೆ.

ಇದರ ಒಳತಿರುಳನ್ನು ಗಮನಿಸಬೇಕು. ದೂರದಿಂದ ಬಂದ ವೈದ್ಯನೋ ಶಿಕ್ಷಕನೋ ವರ್ಗಾವಣೆಯ ದಾರಿ ಕಾಯುತ್ತಾನೆ. ಹುದ್ದೆ ಖಾಲಿಯಾಗುತ್ತದೆ, ಕಟ್ಟಡ ಉಳಿಯುತ್ತದೆ. ಸ್ಥಳೀಯನಾದರೆ ಅಲ್ಲಿಯೇ ನೆಲೆಯೂರುವ ಸಂಭವ ಹೆಚ್ಚು.

2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಹೆಸರಿಗೆ ತಕ್ಕ ಕಲ್ಯಾಣವಾಗಬೇಕಾದರೆ ಮುಂದಾಳುಗಳು ಅನುದಾನ ತಂದಲ್ಲಿಗೆ ನಿಲ್ಲದೆ, ಅದು ಬಾಣಂತಿಗೆ, ಶಾಲೆಯ ಮಗುವಿಗೆ, ಒಣಬೇಸಾಯದ ರೈತನಿಗೆ ಮುಟ್ಟಿತೇ ಎಂದು ವಿಚಾರಿಸಬೇಕು. ಜನರೂ ಅದನ್ನೇ ಕೇಳಬೇಕು. ತವರಿನ ಋಣವುಳ್ಳ ಹೈದರಾಬಾದಿನ ಕನ್ನಡಿಗರು, ವಿಶೇಷವಾಗಿ ನಮ್ಮ ವೈದ್ಯಬಂಧುಗಳು, ವರ್ಷಕ್ಕೆ ಕೆಲವು ದಿನಗಳನ್ನಾದರೂ ಆ ಹಳ್ಳಿಗಳಿಗೆ ಮೀಸಲಿಟ್ಟರೆ ಅದೂ ಏಳಿಗೆಯ ಕಾರ್ಯದಲ್ಲಿ ನಮ್ಮ ಕಾಣಿಕೆಯಾದೀತು.