ಮನುಷ್ಯ ಬೆಳೆಯುವ ಬಗೆಯೂ ಒಂದು ಪಾಠ

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಆಂಧ್ರದ ಗಡಿಗೆ ಹತ್ತಿರದ ಊರು. ಈ ಸೀಮೆಯ ಅನೇಕ ಮನೆಗಳಲ್ಲಿ ಮಗು ತೊಟ್ಟಿಲಲ್ಲಿ ಕೇಳುವುದು ತೆಲುಗು. ಅಂಗನವಾಡಿಯ ಹೊಸ್ತಿಲು ದಾಟಿದರೆ ಕಿವಿಗೆ ಬೀಳುವುದು ಕನ್ನಡ. ಮೊದಲ ಕೆಲವು ವಾರ ಅಂಥ ಮಗು ಬಾಯಿ ಬಿಡದೆ ಕುಳಿತರೆ ‘ಮಂಕು’ ಎಂಬ ಹಣೆಪಟ್ಟಿ ಬೀಳುವುದುಂಟು. ಮಗು ನಿಜಕ್ಕೂ ಮಂಕೋ, ಹೊಸ ಭಾಷೆಯನ್ನು ಸುಮ್ಮನೆ ಕೇಳಿಸಿಕೊಳ್ಳುತ್ತಿದೆಯೋ? ಇಂಥ ಪ್ರಶ್ನೆಗಳನ್ನು ಎತ್ತಿಕೊಳ್ಳುವ ಶಾಸ್ತ್ರವೇ ಮಾನವ ವಿಕಾಸ.

ಹೆಸರಿನಲ್ಲೇ ಸ್ವಲ್ಪ ತೊಡಕಿದೆ. ‘ವಿಕಾಸ’ ಎಂದೊಡನೆ ಡಾರ್ವಿನ್ ನೆನಪಾಗುತ್ತಾನೆ. ‘ಮಾನವ ಅಭಿವೃದ್ಧಿ’ ಎಂದರೆ ವಿಶ್ವಸಂಸ್ಥೆ 1990ರಿಂದ ಹೊರತರುತ್ತಿರುವ ವರದಿ, ಕರ್ನಾಟಕವು 1999ರಲ್ಲಿ ಪ್ರಕಟಿಸಿದ ತನ್ನದೇ ವರದಿ ಕಣ್ಣಮುಂದೆ ಬರುತ್ತವೆ. ಅವು ಅಳೆಯುವುದು ನಾಡಿನ ಆಯುಸ್ಸು, ಓದು, ಆದಾಯಗಳನ್ನು. ಈ ಶಾಸ್ತ್ರ ನೋಡುವುದು ಒಬ್ಬ ಮನುಷ್ಯನನ್ನು: ಗರ್ಭದಿಂದ ಮುಪ್ಪಿನವರೆಗೆ ಅವನ ದೇಹ, ಬುದ್ಧಿ, ಮಾತು, ನಂಟು ಬೆಳೆಯುವ ಬಗೆಯನ್ನು.

ಚೊಂಬಿನ ನೀರನ್ನು ಎತ್ತರದ ಲೋಟಕ್ಕೆ ಸುರಿದರೆ ನಾಲ್ಕು ವರ್ಷದ ಮಗು ‘ನೀರು ಜಾಸ್ತಿಯಾಯಿತು’ ಎನ್ನುತ್ತದೆ. ಇದು ದಡ್ಡತನವಲ್ಲ, ಆ ವಯಸ್ಸಿನ ತರ್ಕ ಎಂದು ತೋರಿಸಿದವರು ಸ್ವಿಟ್ಜರ್ಲೆಂಡಿನ ಪಿಯಾಜೆ. ಬೆಳವಣಿಗೆ ಬಾಲ್ಯಕ್ಕೇ ನಿಲ್ಲುವುದಿಲ್ಲ, ಮುಪ್ಪನ್ನೂ ಒಳಗೊಂಡು ಅದಕ್ಕೆ ಎಂಟು ಘಟ್ಟಗಳಿವೆ ಎಂದು 1950ರಲ್ಲಿ ವಿವರಿಸಿದವರು ಎರಿಕ್ಸನ್.

ಕರ್ನಾಟಕಕ್ಕೆ ಈ ವಿಷಯ ಬಂದದ್ದು ಗೃಹವಿಜ್ಞಾನದ ಬಾಗಿಲಿನಿಂದ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನ ಕಾಲೇಜು ಇದನ್ನು ಬೆಳೆಸಿದ ಕೇಂದ್ರಗಳಲ್ಲೊಂದು. ಹೀಗಾಗಿ ‘ಹೆಣ್ಣುಮಕ್ಕಳ ವಿಷಯ’ ಎಂಬ ಮುದ್ರೆಯೂ ಬಿತ್ತು. ಆದರೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗಲೇ ಇದು ಅಡುಗೆಮನೆಯ ಆಚೆಯ ಸಾರ್ವಜನಿಕ ಪ್ರಶ್ನೆಯಾಗಿತ್ತು.

2021ರಲ್ಲಿ ರಾಜ್ಯ ಜಾರಿಗೆ ತಂದ ಪದವಿ ಕ್ರಮದಲ್ಲಿ ಮುಖ್ಯ ವಿಷಯದ ಜತೆಗೆ ‘ಮೈನರ್’ ಎಂಬ ಪೂರಕ ವಿಷಯಕ್ಕೂ ಜಾಗವಿತ್ತು. 2024ರಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಕ್ರಮ ಯಾವುದಿದ್ದರೂ ಪೂರಕ ಓದಿನ ಉದ್ದೇಶ ಒಂದೇ, ಎರಡನೆಯ ಕಣ್ಣು ಕೊಡುವುದು. ಅರ್ಥಶಾಸ್ತ್ರದ ವಿದ್ಯಾರ್ಥಿ ಅಂಗನವಾಡಿಗೆ ಸಂದ ಹಣವನ್ನು ಲೆಕ್ಕ ಹಾಕಬಲ್ಲ. ಅಲ್ಲಿನ ಮಗುವಿನ ಮೌನವನ್ನು ಓದಲು ಬೇರೆ ಪಾಠ ಬೇಕು. ಈ ಓದಿನಿಂದ ಯಾರೂ ಆಪ್ತಸಮಾಲೋಚಕರಾಗುವುದಿಲ್ಲ ಎಂಬುದೂ ನೆನಪಿರಬೇಕು.

ಈ ವಿಷಯದ ಮೊದಲ ಅಭ್ಯಾಸ ಸರಳವಾದದ್ದು. ಒಂದು ಮಗುವನ್ನು ದೂರದಿಂದ ಗಮನಿಸಿ ಕಂಡದ್ದನ್ನಷ್ಟೇ ಬರೆಯಬೇಕು. ‘ಹಠಮಾರಿ’ ಎಂದು ಬರೆಯುವಂತಿಲ್ಲ. ‘ಚೆಂಡನ್ನು ಮೂರು ಸಲ ಎಸೆಯಿತು’ ಎನ್ನಬಹುದು. ತೀರ್ಪನ್ನು ಕಾಣ್ಕೆಯಿಂದ ಬೇರ್ಪಡಿಸುವ ಈ ಶಿಸ್ತು ಗಡಿನಾಡಿಗೆ ಹೆಚ್ಚು ಬೇಕು. ಎರಡು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಮಗುವಿನ ಬುದ್ಧಿ ಹಿಂದೆ ಬೀಳದು. ಮನೆಯಲ್ಲಿ ತೆಲುಗಿನಲ್ಲಿ ಹರಟುವ ಮಗುವಿಗೆ ಕನ್ನಡ ಕಲಿಯಲು ಕಾಲಾವಕಾಶ ಸಾಕು. ಮನೆಯಲ್ಲೂ ಮಾತಿಲ್ಲ, ಸದ್ದಿಗೂ ತಿರುಗುವುದಿಲ್ಲ ಎಂದಾದರೆ ಕಿವಿಯ ಪರೀಕ್ಷೆ ತಡಮಾಡಬಾರದು. ‘ಮಂಕು’ ಎಂಬ ಒಂದೇ ಮಾತು ಈ ಇಬ್ಬರು ಮಕ್ಕಳಿಗೂ ಅನ್ಯಾಯ ಮಾಡುತ್ತದೆ.