ಕಾರ್ಯಗತ ಕಡತಗಳ ನಾಮಕರಣ: ಅನ್ವರ್ಥದಿಂದ ರೂಢಿಗೆ

ಕನ್ನಡ ವ್ಯಾಕರಣ ಪರಂಪರೆಯು ವಸ್ತುವಾಚಕಗಳನ್ನು ರೂಢ, ಅಂಕಿತ, ಅನ್ವರ್ಥ ಎಂದು ವಿಂಗಡಿಸುತ್ತದೆ. ಗಣಕಯಂತ್ರವು ನೇರವಾಗಿ ನಡೆಸಬಲ್ಲ ಕಡತಗಳ ಹೆಸರುಗಳಿಗೂ ಈ ವಿಂಗಡಣೆ ಒದಗುತ್ತದೆ. ಆದರೆ ಅಲ್ಲಿ ವರ್ಗಗಳು ಸ್ಥಿರವಲ್ಲವೆಂಬುದು ನಮ್ಮ ವಾದ.

ಯುನಿಕ್ಸ್‌ನ ‘ಎ.ಔಟ್’ ಎಂಬುದು ‘ಅಸೆಂಬ್ಲರ್ ಔಟ್‌ಪುಟ್’ ಎಂಬುದರ ಸಂಕ್ಷೇಪ. ಆದ್ದರಿಂದ ಹುಟ್ಟಿನಲ್ಲಿ ಅನ್ವರ್ಥನಾಮ. ಮುಂದೆ ಕಡತವನ್ನು ಅಸೆಂಬ್ಲರಿನ ಬದಲು ಲಿಂಕರ್ ಸಿದ್ಧಪಡಿಸತೊಡಗಿದರೂ ಹೆಸರು ಉಳಿಯಿತು. ಲಿನಕ್ಸ್‌ನಲ್ಲಿ ಇಂದಿಗೂ, ಬೇರೆ ಹೆಸರು ಸೂಚಿಸದೆ ಸಿ ಭಾಷೆಯ ಪ್ರೋಗ್ರಾಮನ್ನು ಕಂಪೈಲ್ ಮಾಡಿದರೆ ದೊರೆಯುವುದು ಇದೇ ಹೆಸರು. ವ್ಯುತ್ಪತ್ತಿ ಮರೆಯಾಗಿ ಅದು ರೂಢನಾಮವಾಗಿದೆ. ಕಡತವನ್ನು ನಡೆಸಬಹುದೇ ಎಂಬುದನ್ನು ಅಲ್ಲಿ ನಿರ್ಧರಿಸುವುದು ಅನುಮತಿಯ ಗುರುತು, ಹೆಸರಲ್ಲ.

1981ರ ಎಂಎಸ್-ಡಾಸ್‌ನಲ್ಲಿ ಹೆಸರಿನ ಕೊನೆಯ ಪ್ರತ್ಯಯವೇ ಕಡತದ ವರ್ಗವನ್ನು ಸೂಚಿಸುತ್ತದೆ. ‘ಕಮಾಂಡ್’ ಪದದಿಂದ ಬಂದ ‘.ಕಾಮ್’ ಸಿಪಿ/ಎಂ ವ್ಯವಸ್ಥೆಯ ಬಳುವಳಿ. ‘ಎಕ್ಸಿಕ್ಯೂಟಬಲ್’ನಿಂದ ಬಂದದ್ದು ‘.ಇಎಕ್ಸ್‌ಇ’. ಎರಡೂ ಅನ್ವರ್ಥಗಳೇ. ಆದರೆ ‘.ಇಎಕ್ಸ್‌ಇ’ ಕಡತದ ಒಳಗಿನ ಮೊದಲೆರಡು ಅಕ್ಷರಗಳಾದ ‘ಎಂ’, ‘ಜೆಡ್’ ಆ ವಿನ್ಯಾಸವನ್ನು ರೂಪಿಸಿದ ಮಾರ್ಕ್ ಜ್ಬಿಕೊವ್ಸ್ಕಿಯವರ ಹೆಸರಿನವು. ಅದು ಶುದ್ಧ ಅಂಕಿತ. ‘.ಕಾಮ್’ ಎಂಬ ಹೆಸರಿನ ಕಡತದಲ್ಲಿ ಈ ಅಕ್ಷರಗಳಿದ್ದರೆ ಡಾಸ್‌ನ ನಂತರದ ಆವೃತ್ತಿಗಳು ಪ್ರತ್ಯಯವನ್ನು ಕಡೆಗಣಿಸಿ ಅಂಕಿತವನ್ನೇ ನಂಬುತ್ತವೆ.

ಹೀಗೆ ಪ್ರತ್ಯಯ ಹೇಳುವುದೊಂದು, ಯಂತ್ರ ಗ್ರಹಿಸುವುದು ಇನ್ನೊಂದು ಆಗಬಹುದು. ಆದ್ದರಿಂದ ನಾಮದ ವರ್ಗವನ್ನು ವ್ಯುತ್ಪತ್ತಿಯಿಂದಲ್ಲ, ಬಳಕೆಯಲ್ಲಿ ಅದು ನಿರ್ವಹಿಸುವ ಕಾರ್ಯದಿಂದ ನಿರ್ಣಯಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.