ಭೂಮಿಯ ಹಣ ಯಾವ ಡಬ್ಬಿಗೆ?

ಸೋಲದೇವನಹಳ್ಳಿಯ ಸುತ್ತಣ ರಾಗಿಯ ಹೊಲಗಳು ನಿವೇಶನಗಳಾಗಿವೆ. ಪಿತ್ರಾರ್ಜಿತ ಭೂಮಿ ಮಾರಿದ ಹಣವು ವರ್ಷದೊಳಗೆ ಕಾರು, ಅದ್ದೂರಿ ವಿವಾಹಗಳಲ್ಲಿ ಕರಗಿದರೆ ಆ ಮನೆಯವರನ್ನು ದುಂದುಗಾರರೆಂದು ಜರೆಯುತ್ತೇವೆ. ಅದು ಪೂರ್ಣ ಸತ್ಯವಲ್ಲ. ೨೦೧೭ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಅವರ ಪ್ರಕಾರ ಮನುಷ್ಯನು ಮನಸ್ಸಿನಲ್ಲಿ ಬೇರೆಬೇರೆ ಖಾತೆಗಳನ್ನಿಟ್ಟಿರುತ್ತಾನೆ. ದುಡಿದ ರೂಪಾಯಿಗೆ ಕೈ ಬಿಗಿ, ಅನಿರೀಕ್ಷಿತವಾಗಿ ಬಂದುದಕ್ಕೆ ಸಡಿಲ. ನಮ್ಮ ತಾಯಂದಿರು ಇದನ್ನು ಓದದೆಯೇ ಬಲ್ಲವರು! ಸಾಸಿವೆ ಡಬ್ಬಿಯ ಹಣ ಆಪತ್ತಿಗೆ, ದಾಸೋಹಕ್ಕೆಂದು ಎತ್ತಿಟ್ಟದ್ದು ದಾಸೋಹಕ್ಕೇ. ಭೂಮಿಯ ಹಣಕ್ಕೆ ಮಾತ್ರ ನಾವು ಡಬ್ಬಿಯನ್ನೇ ಗೊತ್ತುಮಾಡಲಿಲ್ಲ. ಕಾಯಕದಿಂದ ಬಂದುದಲ್ಲವೆಂದು ಅದು ಹಗುರವಾಗಿ ತೋರುತ್ತದೆ. ವಾಸ್ತವವಾಗಿ ಅದರಲ್ಲಿ ಹಿರಿಯರ ತಲೆಮಾರುಗಳ ಕಾಯಕವಿದೆ. ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನವೇ ಮನೆಯವರೆಲ್ಲ ಕುಳಿತು ಮಕ್ಕಳ ವಿದ್ಯೆಗಿಷ್ಟು, ಮುಪ್ಪಿಗಿಷ್ಟು, ದಾಸೋಹಕ್ಕಿಷ್ಟು ಎಂದು ಬರೆದಿಡಲಿ. ೨೦೦೫ರ ತಿದ್ದುಪಡಿ ಕಾಯಿದೆಯಂತೆ ಸಮಪಾಲುಳ್ಳ ಹೆಣ್ಣುಮಕ್ಕಳೂ ಆಗ ಎದುರಿಗಿರಬೇಕು.